ಕರೆಂಟ್ ಪೇಟಿ

ಹೊಟ್ಟೆಕಿಚ್ಚು ಕೆಲವರಿಗೆ ನೆಗಡಿಯ ಹಾಗೆ ಬಂದು ನಾಲ್ಕು ದಿನಕ್ಕೆ ಹೋಗುತ್ತದೆ. ಉಮ್ಮೇ ಕುಲ್ಸುಮ್‌ಳದು ಆ ಜಾತಿಯದಲ್ಲ. ಬಾಡಿಗೆ ಕೊಡದೆ ಮನೆ ಹಿಡಿದು ಕೂತವನ ಹಾಗೆ ಅದು ಎರಡು ವರ್ಷದಿಂದ ಅವಳೊಳಗೆ ಕೂತುಬಿಟ್ಟಿತ್ತು. ಅದನ್ನು ಎಬ್ಬಿಸುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ, ಅವಳಿಗಂತೂ ಮನಸ್ಸೇ ಇರಲಿಲ್ಲ.

ಕಾರಣ ಒಂದೇ ಒಂದು ಮಾತು. ದೇವದುರ್ಗದ ಮಠದಲ್ಲಿ ಭಜನೆ ನಡೆಸುವ ವಿರೂಪಣ್ಣ ಆ ಊರಿನ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ನಾಲ್ಕು ಜನರ ಮುಂದೆ ಆಡಿದ ಮಾತು. "ಶಾಮೀದಸಾಬನ ಕೈ ಸಣ್ಣ ಮಗಳಿಗೆ ಬಂದದ ನೋಡ್ರಿ." ಅಲ್ಲಿ ಕೂತಿದ್ದವರೊಬ್ಬರು ರಾಯಚೂರಿಗೆ ಬಂದಾಗ ಅದನ್ನು ಕುಲ್ಸುಮ್‌ಳಿಗೆ ಮುಟ್ಟಿಸಿದರು. ಇಂಥ ಮಾತು ಮುಟ್ಟಿಸುವವರಿಗೆ ಬಸ್ಸು ತಪ್ಪುವುದಿಲ್ಲ.

ಶಾಮೀದಸಾಬ ಅವಳ ತಂದೆ. ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ರೇಡಿಯೋ, ಟೀವಿ, ಆಂಪ್ಲಿಫೈಯರ್ ರಿಪೇರಿಯ ಅಂಗಡಿ ಅವರದು. ಗಂಡುಮಕ್ಕಳಿಲ್ಲ, ಇಬ್ಬರೇ ಹೆಣ್ಣುಮಕ್ಕಳು. ಇಬ್ಬರಿಗೂ ಸೋಲ್ಡರಿಂಗ್ ಕಡ್ಡಿ ಹಿಡಿದು ಬೆಸುಗೆ ಹಾಕುವುದನ್ನು ಅವರೇ ಕಲಿಸಿದ್ದರು. ಸಣ್ಣವಳು ಗುಲ್ಫಶಾ ಮದುವೆಯಾಗಿ ಮಾನ್ವಿಗೆ ಹೋದಳು, ಅಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಕ್ಸರು, ಹಾಡುವ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತಿದ್ದಾಳೆ. ದೊಡ್ಡವಳು ಕುಲ್ಸುಮ್ ಮದುವೆಯಾದ ಮೇಲೂ ಅಂಗಡಿ ಬಿಡಲಿಲ್ಲ. ಅಂಗಡಿ ಗುಡಿಸಿ, ಅಬ್ಬಾನ ಚಹಾ ಕಾಸಿ, ಬೈಗುಳ ತಿಂದು, ಕೊನೆಗೆ ಆಸ್ಪತ್ರೆಯಲ್ಲಿ ಕಾಲೊತ್ತಿದವಳು ಅವಳು. ಕೈ ಮಾತ್ರ ತಂಗಿಗೆ ಬಂದಿತಂತೆ! ಅಬ್ಬಾ ತೀರಿಕೊಂಡ ಮರುವರ್ಷ ಕುಲ್ಸುಮ್ ಚಿಕುನ್‌ಗುನ್ಯಾ ಬಂದು ಹಾಸಿಗೆ ಹಿಡಿದಿದ್ದಾಗ ಅಂಗಡಿಗೆ ಬೀಗ ಬಿದ್ದಿತ್ತು. ಆಗ ವಿರೂಪಣ್ಣ ತಮ್ಮ ಕರೆಂಟ್ ಪೇಟಿಯನ್ನು ಮಾನ್ವಿಗೆ ಒಯ್ದರು, ಗುಲ್ಫಶಾ ಸರಿ ಮಾಡಿಕೊಟ್ಟಳು, ಅವರು ಆ ಮಾತು ಆಡಿದರು. ಜ್ವರ ಇಳಿದರೂ ಕುಲ್ಸುಮ್‌ಳ ಮೈ ಬಿಸಿ ಇಳಿಯಲಿಲ್ಲ.

ಕರೆಂಟ್ ಪೇಟಿ ಎಂದರೆ ಸಿಂಥಸೈಜರ್. ಹಾರ್ಮೋನಿಯಂ ಪೇಟಿಯಾದರೆ ಇದು ಕರೆಂಟಿನಿಂದ ನಡೆಯುವ ಪೇಟಿ ಎಂದು ದೇವದುರ್ಗದವರು ಇಟ್ಟ ಹೆಸರು. ವಿರೂಪಣ್ಣನ ಅಣ್ಣ ಮುಂಬೈಯ ಆರ್ಕೆಸ್ಟ್ರಾ ಒಂದು ಮುರಿದುಬಿದ್ದಾಗ ತಂದ ಜಪಾನೀ ಮಾಲು. ನಾಲ್ಕು ಜನ ಎತ್ತಬೇಕು. ಈಗಿನ ಕೀಬೋರ್ಡುಗಳ ಹಾಗೆ ಅದರಲ್ಲಿ ನೂರೆಂಟು ವಾದ್ಯದ ಸದ್ದಿಲ್ಲ, ಒಂದೇ ಸದ್ದು. ಆದರೆ ಮಠದ ಭಜನೆಯಲ್ಲಿ ಹಳೆಯ ಹಾರ್ಮೋನಿಯಂ ಜೊತೆ ಅದು ಎದ್ದಿತೆಂದರೆ ಪಡಸಾಲೆ ತುಂಬ ಇಪ್ಪತ್ತು ಜನ ಒಟ್ಟಿಗೆ ಗುನುಗಿದಂತಿರುತ್ತದೆ.

ಈ ಸಲದ ಶ್ರಾವಣದಲ್ಲಿ ವಿರೂಪಣ್ಣ ಅದನ್ನು ಟೆಂಪೋದಲ್ಲಿ ಹೇರಿಕೊಂಡು ನೇರ ತೀನ್ ಕಂದೀಲ್‌ಗೆ ಬಂದಿಳಿದರು. ಬಿಳಿ ಟೋಪಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ.

"ಯವ್ವಾ ಕುಲ್ಸುಮ್, ಪ ಸತ್ತು ಹೋಗ್ಯಾದ. ಮ್ಯಾಲಿನ ಪ ಒಂದು ಉಸರಾಡ್ತದ, ಕೆಳಗಿನವು ಮಾತ ಆಡವಲ್ಲವು. ಕೊನೀ ಸೋಮವಾರದ ಭಜನಿಗೆ ಬೇಕು ನೋಡು."

"ಬರ್ರಿ ಕಾಕಾ, ಕೂಡ್ರಿ. ಮಾಡೂಣಂತ." ಅವಳ ಎದೆ ಹಿಗ್ಗಿತು. ಕೊನೆಗೂ ನನ್ನ ಹತ್ತಿರ ಬಂದರಲ್ಲ.

"ಮಾನ್ವಿಗೇ ಒಯ್ಯೂದಿತ್ತು. ಏನ್ ಮಾಡೂದು, ನಿನ್ನ ತಂಗೀ ಅತ್ತಿ ಬಿದ್ದು ಕಾಲು ಮುರಕೊಂಡಾಳಂತ. ಅಕಿಗೆ ಪುರಸೊತ್ತಿಲ್ಲ, ಅದಕ್ಕ ಇಲ್ಲಿ ಬಂದೆ."

ವಿರೂಪಣ್ಣ ಒಳ್ಳೆಯ ಮನುಷ್ಯ. ಚುಚ್ಚಬೇಕೆಂದು ಚುಚ್ಚಿದವರಲ್ಲ. ಹಾಗೆ ಚುಚ್ಚುವವರಾದರೆ ತಿರುಗಿ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದು. ಕುಲ್ಸುಮ್ ನಗುತ್ತಲೇ ಚಹಾ ತರಿಸಿದಳು, ಅವರು ಹೋದ ಮೇಲೆ ಲೋಟ ತೊಳೆಯುವಾಗ ಒಂದನ್ನು ಒಡೆದಳು. ಆವತ್ತೇ ನಿಶ್ಚಯ ಮಾಡಿಕೊಂಡಳು: ಅದೇ ಬಾಯಿಂದ, ನಾಲ್ಕು ಜನರ ಮುಂದೆ, ಶಾಮೀದಸಾಬನ ಕೈ ದೊಡ್ಡ ಮಗಳಿಗೆ ಬಂದದ ಅಂತ ಹೇಳಿಸಬೇಕು. ಬೇರೆ ಯಾವ ಕೂಲಿಯೂ ತನಗೆ ಬೇಡ.

ಮುಚ್ಚಳ ತೆಗೆದಾಗ ಒಳಗೆ ಹಳೆಯ ಫಿನಾಯಿಲ್ ಗುಳಿಗೆಯ ವಾಸನೆ. ಸಾ ದಿಂದ ನಿ ವರೆಗೆ ಹನ್ನೆರಡು ಸ್ವರಕ್ಕೆ ಹನ್ನೆರಡು ಸಣ್ಣ ಬೋರ್ಡುಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಒಂದು ಕರಿಯ ಐಸಿ ಚಿಪ್ಪು, ಒಂದು ತಿರುಗಿಸುವ ಸ್ಕ್ರೂ. ಚಿಪ್ಪು ಮೇಲಿನ ಸ್ವರವನ್ನು ಅರ್ಧ ಅರ್ಧ ಮಾಡುತ್ತ ಕೆಳಗಿನ ಸಪ್ತಕಗಳನ್ನು ಹುಟ್ಟಿಸುತ್ತದೆ. ಸ್ಕ್ರೂ ತಿರುಗಿಸಿದರೆ ಆ ಸ್ವರ ಎಳೆಯಷ್ಟು ಮೇಲೆ, ಇಲ್ಲವೇ ಎಳೆಯಷ್ಟು ಕೆಳಗೆ. ಪ ದ ಬೋರ್ಡಿನ ಚಿಪ್ಪು ಸತ್ತಿದೆ ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳ ಕಣ್ಣು ನೆಟ್ಟದ್ದು ಬೇರೆ ಕಡೆ. ಹನ್ನೆರಡೂ ಸ್ಕ್ರೂಗಳ ತಲೆಯ ಮೇಲೆ ನೇರಳೆ ಬಣ್ಣ.

ಇದು ಆ ಮನೆತನದ ರೂಢಿ. ಒಮ್ಮೆ ಹದ ಮಾಡಿದ ಸ್ಕ್ರೂ ಗಾಡಿಯ ಅಲುಗಾಟಕ್ಕೆ ತಿರುಗಬಾರದೆಂದು ಅದರ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಡುವುದು. ಉಗುರಿಗೆ ಹಚ್ಚಿದರೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂ ಆಗುವುದಿಲ್ಲವೆಂದು ಹೆಣ್ಣುಮಕ್ಕಳ ಕೈಗೆ ಹತ್ತದ ಬಣ್ಣ, ಆ ಮನೆಯಲ್ಲಿ ಸ್ಕ್ರೂಗಳಿಗೆ ಹತ್ತುತ್ತಿತ್ತು. ಅಬ್ಬಾನದು ಕೆಂಪು. ಕುಲ್ಸುಮ್ ಅದನ್ನೇ ಮುಂದುವರಿಸಿದಳು. ಗುಲ್ಫಶಾ ಮಾನ್ವಿಗೆ ಹೋದ ಮೇಲೆ ನೇರಳೆ ಹಿಡಿದಳು. ಬಣ್ಣ ನೋಡಿದರೆ ಸಾಕು, ಯಾರು ಕೈಯಾಡಿಸಿದ್ದಾರೆಂದು ಗೊತ್ತಾಗಬೇಕು.

ಕುಲ್ಸುಮ್ ಫೋನಿನಲ್ಲಿದ್ದ ಶ್ರುತಿ ನೋಡುವ ಆ್ಯಪ್ ತೆರೆದು ಒಂದೊಂದೇ ಸ್ವರ ಒತ್ತಿದಳು. ಸರಿಯಿದ್ದರೆ ಮುಳ್ಳು ನಡುವೆ ನಿಂತು ಹಸಿರು ಬೆಳಕು ಬರಬೇಕು. ಸಾ ಮೇಲೆ, ಗ ಕೆಳಗೆ, ಧ ಇನ್ನೂ ಕೆಳಗೆ. ಹನ್ನೆರಡರಲ್ಲಿ ಒಂದೂ ಹಸಿರಾಗಲಿಲ್ಲ. ಅವಳು ಇನ್ನೊಮ್ಮೆ ಒತ್ತಿ ನೋಡಿದಳು, ಅನುಮಾನಕ್ಕಲ್ಲ, ಆನಂದಕ್ಕೆ.

"ನೋಡ್ರಿ ಇಲ್ಲಿ, ನಿಮ್ಮ ಹುಷಾರ್ ನಾದಿನಿ ಮಾಡಿದ ಕೆಲಸ," ಎಂದು ಊಟಕ್ಕೆ ಬಂದ ಗಂಡನಿಗೆ ತೋರಿಸಿದಳು. "ಒಂದರೆ ಸ್ವರ ನೆಟ್ಟಗ ಐತೇನು? ಇಂಥಾಕಿಗೆ ಅಬ್ಬಾನ ಕೈ ಬಂದದಂತ!"

ಅಲ್ತಾಫ್ ಮಾರ್ಕೆಟ್ಟಿನಲ್ಲಿ ಈರುಳ್ಳಿ ವ್ಯಾಪಾರ ಮಾಡುವವನು. ಈರುಳ್ಳಿಯಿಂದ ಕಣ್ಣೀರು ಬರುವುದು ನಿಂತು ವರ್ಷಗಳಾಗಿದ್ದವು, ಹೆಂಡತಿಯ ಮಾತಿನಿಂದಲೂ. "ನನಗ ಎಲ್ಲಾ ಒಂದ ಥರ ಕೇಳಸ್ತದ," ಎಂದು ಕೈ ತೊಳೆಯಲು ಹೋದ.

ಆದರೆ ಮೊದಲು ಚಿಪ್ಪು ಬೇಕಿತ್ತು. ಅದನ್ನು ಮಾಡುವುದು ನಿಂತು ನಲವತ್ತು ವರ್ಷವಾಗಿರಬೇಕು. ಹೈದರಾಬಾದಿನ ಕೋಠಿಯ ಗಲ್ಲಿಗಳಿಗೆ ಹೋಗಿ ಅಂಗಡಿ ಅಂಗಡಿ ತಿರುಗಿದಳು. ಒಬ್ಬ ಮುದುಕ ಚಿಪ್ಪನ್ನು ಬೆಳಕಿಗೆ ಹಿಡಿದು, ಇದನ್ನು ಕೊನೆಯ ಬಾರಿ ನೋಡಿದಾಗ ನನ್ನ ತಲೆ ತುಂಬ ಕೂದಲಿತ್ತು ಅಂದ. ಶಕ್ತಿನಗರದಲ್ಲಿ ಅಬ್ಬಾನ ಗೆಳೆಯರೊಬ್ಬರು ಹಳೆಯ ಬೋರ್ಡುಗಳ ರಾಶಿ ಇಟ್ಟಿದ್ದರು, ಅದನ್ನೂ ಜಾಲಾಡಿದಳು. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದಳು. ಬಂದ ಚಿಪ್ಪಿನ ಮೇಲೆ ನಂಬರು ಮಿರಮಿರ ಮಿಂಚುತ್ತಿತ್ತು. ಹಳೆಯ ಮಾಲು ಇಷ್ಟು ಮಿಂಚಬಾರದಲ್ಲ ಎಂದು ನೇಲ್ ಪಾಲಿಶ್ ತೆಗೆಯುವ ನೀರಿನಲ್ಲಿ ಹತ್ತಿ ಅದ್ದಿ ಉಜ್ಜಿದರೆ ನಂಬರು ಅಳಿಸಿಹೋಗಿ, ಕೆಳಗೆ ಬೇರೆ ಯಾವುದೋ ಚಿಪ್ಪಿನ ಕೆರೆದ ಮೈ ಕಂಡಿತು. ಹೆಸರು ಬದಲಿಸಿಕೊಂಡು ತಿರುಗುವ ಠಕ್ಕ. ಈಗಿನ ಚಿಪ್ಪುಗಳನ್ನು ಜೋಡಿಸಿ ನೋಡೋಣವೆಂದರೆ ಆ ಪೇಟಿಯ ವೋಲ್ಟೇಜನ್ನು ಅವು ತಾಳುವುದಿಲ್ಲ.

"ನಿನ್ನ ತಂಗೀನ ಕೇಳು," ಅಂದ ಅಲ್ತಾಫ್.

"ಅಕೀ ಹತ್ರ ಇಲ್ಲ."

ಇತ್ತು. ಮಾನ್ವಿಯ ಗುಜರಿಯವನಿಂದ ಗುಲ್ಫಶಾ ಇಂಥದೇ ಒಂದು ಸತ್ತ ಪೇಟಿ ಕೊಂಡು ಮಂಚದ ಕೆಳಗೆ ತಳ್ಳಿದ್ದಾಳೆಂದು ಕುಲ್ಸುಮ್‌ಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೇಳುವುದಕ್ಕಿಂತ ಹೈದರಾಬಾದಿಗೆ ಇನ್ನೊಮ್ಮೆ ಹೋಗುವುದೇ ಅವಳಿಗೆ ಹಗುರ ಅನ್ನಿಸುತ್ತಿತ್ತು.

ಕೇಳುವ ಕಷ್ಟವನ್ನು ತಂಗಿಯೇ ತಪ್ಪಿಸಿದಳು. ಒಂದು ಬೆಳಿಗ್ಗೆ ಅವಳ ಫೋನ್ ಬಂತು. ಅಕ್ಕ ತಂಗಿಯರ ಮನೆಮಾತು ದಖ್ನಿಯಾದರೂ ಕೆಲಸದ ಮಾತು ಬಂದರೆ ಇಬ್ಬರೂ ಅಬ್ಬಾನ ಹಾಗೆ ಕನ್ನಡಕ್ಕೆ ಹೊರಳುತ್ತಿದ್ದರು.

"ಆಪಾ, ವಿರೂಪಣ್ಣ ಕಾಕಾ ಹೇಳಿದ್ರು, ಪ ಹೋಗ್ಯಾದಂತ. ನನ್ನ ಹತ್ರ ಅದರ ಚಿಪ್ ಅದ. ಹತ್ತು ಗಂಟೆ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟೀನಿ, ಇಸ್ಕೋ."

"ನಾ ಎಲ್ಲಿ ಕೇಳೀನಿ?"

"ನೀ ಕೇಳಂಗಿಲ್ಲ ಅಂತ ಗೊತ್ತದ," ಎಂದು ಗುಲ್ಫಶಾ ನಕ್ಕಳು. "ಒಂದ ಮಾತು ಆಪಾ. ಚಿಪ್ ಅಷ್ಟ ಹಾಕು. ಆ ಸ್ಕ್ರೂಗಳಿಗೆ ಮಾತ್ರ ಕೈ ಹಚ್ಚಬ್ಯಾಡ. ಯಾಕಂದ್ರ..."

"ಗಿರಾಕಿ ಬಂದಾರ," ಎಂದು ಕುಲ್ಸುಮ್ ಫೋನ್ ಇಟ್ಟಳು. ಅಂಗಡಿಯಲ್ಲಿ ಒಂದು ನೊಣವೂ ಇರಲಿಲ್ಲ. ನನಗೆ ಬುದ್ಧಿ ಹೇಳುತ್ತಾಳೆ! ತನ್ನ ತಪ್ಪು ಬಯಲಾಗುತ್ತದೆಂದು ಮುಚ್ಚಿಕೊಳ್ಳಲು ನೋಡುತ್ತಾಳೆ!

ಮಾನ್ವಿಯ ಬಸ್ಸಿನ ಕಂಡಕ್ಟರ್ ಒಂದು ಸ್ಟೀಲಿನ ಡಬ್ಬಿ ಕೊಟ್ಟ. ಅದರಲ್ಲಿ ಬೆಳ್ಳಿ ಹಾಳೆ ಸುತ್ತಿದ ಥರ್ಮೋಕೋಲ್ ತುಂಡಿಗೆ ಚುಚ್ಚಿದ ಚಿಪ್ಪು, ಒಂದು ಕಾಲೂ ಸೊಟ್ಟಗಾಗದಂತೆ. ಸುತ್ತ ಕೊಬ್ಬರಿ ಬರ್ಫಿ. ಕುಲ್ಸುಮ್‌ಳಿಗೆ ಬಹಳ ಇಷ್ಟದ್ದು. ಅವಳು ಎರಡು ತುಂಡು ತಿಂದಳು, ಸಿಟ್ಟಿನಿಂದಲೇ ತಿಂದಳು, ರುಚಿಯಾಗಿತ್ತು ಅನ್ನುವುದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ತಂಗಿ ಜಗಳಗಂಟಿಯಾಗಿದ್ದರೆ, ಜಿಪುಣಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು. ಬಾಯಿಬಿಟ್ಟು ಬೈಯಲು ಒಂದು ಕಾರಣವನ್ನಾದರೂ ಕೊಡಬಾರದೆ?

ಚಿಪ್ಪು ಕೂಡಿಸಿದಳು. ಒಂದೊಂದೇ ಕಾಲಿಗೆ ಬೆಸುಗೆ ಮುಟ್ಟಿಸಿ, ತಣಿಯಲು ಬಿಟ್ಟು, ಸ್ವಿಚ್ ಹಾಕಿದಳು. ಪ ಎದ್ದಿತು. ಮೇಲಿನದು, ನಡುವಿನದು, ಎದೆ ನಡುಗಿಸುವ ಕೆಳಗಿನದು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಮುಗಿಯಿತೆಂದು ಒಪ್ಪಿದರೆ ಏನಾಯಿತು? ಚಿಪ್ಪು ತಂಗಿಯದು. ವಿರೂಪಣ್ಣ ನಾಳೆ ಹೋಟೆಲಿನಲ್ಲಿ ಕೂತು ಅದನ್ನೇ ಹೇಳುತ್ತಾರೆ, ಚಿಪ್ ಮಾನ್ವಿಯಿಂದ ಬಂತು, ದೊಡ್ಡಾಕಿ ಹಚ್ಚಿದ್ಲು ಅಂತ. ಬಲ್ಬ್ ಹಾಕಿದವರಿಗೆ ಸಿಗುವಷ್ಟು ಹೆಸರು. ಈ ಪೇಟಿಯಲ್ಲಿ ತನ್ನದು ಅನ್ನುವ ಕೆಲಸ ಏನಾದರೂ ಇರಬೇಕಲ್ಲ.

ಅವಳು ಹತ್ತಿ ತೆಗೆದುಕೊಂಡಳು. ನೇಲ್ ಪಾಲಿಶ್ ತೆಗೆಯುವ ನೀರಿನಲ್ಲಿ ಅದ್ದಿ ಸಾ ದ ಸ್ಕ್ರೂ ಒರೆಸಿದಳು, ಆಮೇಲೆ ರಿ, ಆಮೇಲೆ ಗ. ಹತ್ತಿಗೆ ನೇರಳೆಯ ಜೊತೆ ಒಂದಿಷ್ಟು ಕೆಂಪೂ ಬಂತು. ಸಂತೆಯ ಅಗ್ಗದ ಬಣ್ಣ, ಬೆರಕೆ ಮಾಲು, ಅಂದುಕೊಂಡಳು. ಹನ್ನೆರಡೂ ಸ್ಕ್ರೂ ಬತ್ತಲೆಯಾದ ಮೇಲೆ ಫೋನ್ ಮುಂದಿಟ್ಟುಕೊಂಡು ಒಂದೊಂದನ್ನೇ ತಿರುಗಿಸುತ್ತ ಹೋದಳು. ಮುಳ್ಳು ನಡುವೆ ಬಂದಿತು, ಹಸಿರು. ಇನ್ನೊಂದು, ಹಸಿರು. ಪ್ರತಿ ಹಸಿರಿಗೂ ತಂಗಿಗೆ ಒಂದೊಂದು ಏಟು ಕೊಟ್ಟ ಸುಖ. ಅಷ್ಟು ಖುಷಿಯಿಂದ ಅವಳು ಕೆಲಸ ಮಾಡಿ ವರ್ಷಗಳಾಗಿದ್ದವು.

ಕೊನೆಯ ಸೋಮವಾರ ಮಧ್ಯಾಹ್ನ ಟೆಂಪೋದಲ್ಲಿ ತಾನೂ ಕೂತು ಪೇಟಿಯನ್ನು ದೇವದುರ್ಗಕ್ಕೆ ಒಯ್ದಳು. ತಲುಪಿಸಲು ಹೋಗಬೇಕಾದ ಅಗತ್ಯವೇನೂ ಇರಲಿಲ್ಲ. ಆ ಮಾತು ಕಿವಿಯಾರೆ ಕೇಳಬೇಕಿತ್ತು.

ಮಠದ ಪಡಸಾಲೆಯಲ್ಲಿ ಸಂಜೆಯ ಭಜನೆಗೆ ಜಮಖಾನ ಹಾಸಿದ್ದರು. ಭಜನೆಯ ನಾಲ್ಕಾರು ಮಂದಿ ಆಗಲೇ ಬಂದು ತಾಳ ಒರೆಸುತ್ತ ಕೂತಿದ್ದರು. ನಾಲ್ಕು ಜನ ಸಿಕ್ಕರು ಎಂದು ಕುಲ್ಸುಮ್ ಮನಸ್ಸಿನಲ್ಲೇ ಎಣಿಸಿಕೊಂಡಳು. ವಿರೂಪಣ್ಣ ಪೇಟಿಯ ಮುಂದೆ ಕೂತು ಪ ಒತ್ತಿದರು. ಅದು ತುಂಬಿ ಬಂದಾಗ ಅವರ ಮುಖ ಅರಳಿತು. "ಭಲೇ ಯವ್ವಾ!" ಅಂದರು. ಹಾರ್ಮೋನಿಯಂ ಮುಂದಿದ್ದವರಿಗೆ ಕಣ್ಸನ್ನೆ ಮಾಡಿದರು. ಎರಡೂ ಒಟ್ಟಿಗೆ ಎದ್ದವು.

ಎರಡು ಪೇಟಿಗಳೂ ಒಂದನ್ನೊಂದು ಜಗ್ಗಾಡುತ್ತಿದ್ದವು. ಗ ದ ಮೇಲೆ ಬಂದಾಗ ಸದ್ದು ಗೊಗ್ಗರ ಗೊಗ್ಗರ ಅಂದಿತು, ಧ ದ ಮೇಲೆ ಇನ್ನೂ ಕೆಟ್ಟದಾಗಿ. ತಾಳದವರೊಬ್ಬರು ಕಿವಿಯಲ್ಲಿ ಬೆರಳಿಟ್ಟು ಅಲ್ಲಾಡಿಸಿಕೊಂಡರು. ವಿರೂಪಣ್ಣ ಕೈ ತೆಗೆದರು.

"ಯವ್ವಾ, ಇದು ನಮ್ಮ ಪೇಟಿ ಅಲ್ಲ."

"ಕಾಕಾ, ಇದು ಬರೋಬ್ಬರಿ ಅದ. ನಿಮ್ಮ ಹಾರ್ಮೋನಿಯಂ ತಪ್ಪದ. ನೋಡ್ರಿ ಬೇಕಾರ," ಎಂದು ಅವಳು ಫೋನ್ ತೆಗೆದು ಹಸಿರು ಬೆಳಕು ತೋರಿಸಿದಳು.

ವಿರೂಪಣ್ಣ ಕನ್ನಡಕ ಏರಿಸಿ ನೋಡಿದರು. "ಛಲೋ ಅದ. ಆದ್ರ ಯವ್ವಾ, ಇವತ್ತ ಭಜನಿ ನಿನ್ನ ಫೋನ್ ಹಾಡ್ತದೇನು, ನಾವು ಹಾಡಬೇಕೇನು?"

ಕೂತವರು ನಕ್ಕರು. ವಿರೂಪಣ್ಣ ನಗಲಿಲ್ಲ. ಅವರು ಅಂಗಳಕ್ಕೆ ಹೋಗಿ ಯಾರಿಗೋ ಫೋನ್ ಹಚ್ಚಿದರು. ಯಾರಿಗೆಂದು ಕೇಳುವ ಅಗತ್ಯವಿರಲಿಲ್ಲ. "ಹೌದವ್ವಾ, ಸಂಜಿಗೇ ಬೇಕು... ಅತ್ತೀನ ಬಾಜೂಕಿನವರಿಗೆ ಹೇಳಿ ಬಾ," ಎಂಬ ಮಾತು ಗೋಡೆಯ ಆಚೆಯಿಂದ ಕೇಳಿಸಿತು. ಆ ಕ್ಷಣಕ್ಕೆ ಆ ನೆಲ ಬಾಯಿಬಿಟ್ಟಿದ್ದರೆ ಅವಳು ಚಪ್ಪಲಿ ಕೂಡ ಹುಡುಕದೆ ಇಳಿದುಬಿಡುತ್ತಿದ್ದಳು.

ಸಿರವಾರ, ಅರಕೇರಾ ಸುತ್ತಿ ಬರುವ ಬಸ್ಸಿನಲ್ಲಿ ಗುಲ್ಫಶಾ ಬಂದಳು. ಬುರ್ಖಾದ ಮೇಲೆ ಧೂಳು, ಕೈಯಲ್ಲಿ ಅಬ್ಬಾ ಕೊಟ್ಟಿದ್ದ ಹಳೆಯ ಸ್ಕ್ರೂಡ್ರೈವರಿನ ಚೀಲ. ಎಲ್ಲರಿಗೂ ಸಲಾಂ ಹೇಳಿ, ಅಕ್ಕನ ಭುಜ ಮುಟ್ಟಿ, ಪೇಟಿಯ ಮುಚ್ಚಳ ಎತ್ತಿದಳು. ಸ್ಕ್ರೂಗಳ ಮೇಲೆ ಬೆರಳಾಡಿಸಿದಳು.

"ಒರಸೀಯೇನು ಆಪಾ?"

"ಒರಸೀನಿ. ನೀ ತಪ್ಪು ಇಟ್ಟಿದ್ದಿ, ಸರಿ ಮಾಡೀನಿ."

"ನಾ ಇಟ್ಟಿದ್ದಲ್ಲ ಅದು." ಗುಲ್ಫಶಾಳ ದನಿ ಬಹಳ ಸಣ್ಣದಾಗಿತ್ತು. "ಅಬ್ಬಾ ಇಟ್ಟಿದ್ದು. ಎರಡು ವರ್ಷದ ಹಿಂದ ತಗದಾಗ ಅಬ್ಬಾನ ಕೆಂಪು ಬಣ್ಣ ಬಿರುಕು ಬಿಟ್ಟಿತ್ತು. ಸ್ಕ್ರೂ ಅಳ್ಳಾಡಬಾರದಂತ ಅದರ ಮ್ಯಾಲ ನನ್ನದು ಹಚ್ಚಿದೆ, ಅಷ್ಟ. ಯಾಕ ಹಿಂಗ ಇಟ್ಟಾನಂತ ನನಗೂ ತಿಳಿಲಿಲ್ಲ. ಅಬ್ಬಾ ಇಟ್ಟಾನಂದ್ರ ಕಾರಣ ಇರ್ತದಂತ ಬಿಟ್ಟೆ."

ಕುಲ್ಸುಮ್ ಕಂಬಕ್ಕೆ ಒರಗಿದಳು. ಹತ್ತಿಗೆ ಬಂದ ಕೆಂಪು ಬಣ್ಣ ಅವಳ ಕಣ್ಣ ಮುಂದೆ ನಿಂತಿತು. ಅಬ್ಬಾನ ಕೈ ಬೇಕು, ಅಬ್ಬಾನ ಕೈ ಬೇಕು ಎಂದು ಎರಡು ವರ್ಷ ಉರಿದವಳು, ಆ ಕೈ ಮಾಡಿಟ್ಟುಹೋದದ್ದನ್ನು ತನ್ನ ಕೈಯಾರೆ ಒರೆಸಿ ಕಸದ ಬುಟ್ಟಿಗೆ ಹಾಕಿದ್ದಳು. ವಿರೂಪಣ್ಣ ಹೊಗಳಿದ್ದು ತಂಗಿಯ ಕೈಯನ್ನೂ ಅಲ್ಲ, ಸತ್ತ ಅಬ್ಬಾನದೇ ಕೈಯನ್ನು. ಅವಳಿಗೆ ಅಳು ಬಂತು, ಆದರೆ ತಂಗಿಯ ಮುಂದೆ ಅಳಲಾರೆ ಎಂದು ನುಂಗಿದಳು. ಆ ಹೊತ್ತಿನಲ್ಲೂ!

"ಈಗ ಹೆಂಗ?" ಅಂದರು ವಿರೂಪಣ್ಣ.

"ನನಗ ಬರಂಗಿಲ್ಲ ಕಾಕಾ," ಅಂದಳು ಗುಲ್ಫಶಾ. "ಅಬ್ಬಾ ಇದನ್ನ ಕೂಡಸೂದು ನಾ ನೋಡಿಲ್ಲ. ನನ್ನನ್ನ ಕರಕೊಂಡು ಬರ್ತಿದ್ದಿಲ್ಲ. ಆಪಾನ್ನ ಅಷ್ಟ ಕರಕೊಂಡು ಬರ್ತಿದ್ದ."

ಹೌದು. ಕುಲ್ಸುಮ್ ಇದೇ ಪಡಸಾಲೆಯಲ್ಲಿ, ಎರಡು ಜಡೆಯ ಹುಡುಗಿಯಾಗಿ, ಈ ಹಾರ್ಮೋನಿಯಂಗೆ ಗಾಳಿ ಹಾಕುತ್ತ ಕೂತಿದ್ದಳು. ಅಬ್ಬಾ ಕರೆಂಟ್ ಪೇಟಿಯನ್ನು ಇದರ ಶ್ರುತಿಗೆ ಕೂಡಿಸುತ್ತ, ಅದರ ಹಿಂದೆ ತಲೆ ತೂರಿಸಿಕೊಂಡು "ಸಮ ಹಾಕು, ಸಮ ಹಾಕು" ಅನ್ನುತ್ತಿದ್ದರು. ಎರಡು ಪೇಟಿಗಳ ಒಂದೇ ಸ್ವರ ಒಟ್ಟಿಗೆ ಮೊಳಗುವಾಗ ಮೊದಲು ಅಲೆ ಏಳುತ್ತಿತ್ತು, ವವ್ ವವ್ ವವ್ ಎಂದು. ಅವರು ಸ್ಕ್ರೂ ತಿರುಗಿಸಿದಂತೆ ಆ ಅಲೆ ನಿಧಾನವಾಗುತ್ತ, ಆಗುತ್ತ, ಉಸಿರಾಟದಷ್ಟು ಮೆಲ್ಲಗಾದಾಗ ಕೈ ಬಿಡುತ್ತಿದ್ದರು. ಪೂರ್ತಿ ನಿಲ್ಲಲು ಬಿಡುತ್ತಿರಲಿಲ್ಲ. ಅಷ್ಟು ಅಲೆ ಇದ್ದರೇ ಇಪ್ಪತ್ತು ಜನ ಹಾಡಿದಂತೆ ಕೇಳುವುದು. ಇದೆಲ್ಲ ಅಂಗಡಿಯಲ್ಲಿ ನೆನಪಾಗದೆ ಹೋದದ್ದು ಹೇಗೆ? ತಂಗಿಯ ತಪ್ಪು ಹುಡುಕುವ ಗಡಿಬಿಡಿಯಲ್ಲಿ ಅವಳು ಬೇರೇನನ್ನೂ ನೆನೆಯಲು ಹೋಗಿರಲಿಲ್ಲ.

"ಗುಲ್ಫಶಾ, ಪೇಟಿಗೆ ಗಾಳಿ ಹಾಕು," ಅಂದಳು. ಫೋನನ್ನು ಚೀಲಕ್ಕೆ ಹಾಕಿ ಸ್ಕ್ರೂಡ್ರೈವರ್ ತೆಗೆದುಕೊಂಡಳು.

ಸಾ ಕೂಡಿಸಲು ಬಹಳ ಹೊತ್ತು ಹಿಡಿಯಿತು. ಅಲೆ ಕೈಗೆ ಸಿಕ್ಕಂತೆ ಸಿಕ್ಕು ಜಾರುತ್ತಿತ್ತು. ಆಮೇಲೆ ಕೈಗೆ ತಾನಾಗಿಯೇ ಹಾದಿ ಸಿಕ್ಕಿತು. ರಿ, ಗ, ಮ, ಪ. ಕೊನೆಯ ನಿ ದಲ್ಲಿ ಮಾತ್ರ ಅವಳಿಗೆ ನಂಬಿಕೆ ಬರಲಿಲ್ಲ. ಅಬ್ಬಾ ಅದನ್ನು ಇನ್ನಷ್ಟು ಇಳಿಸಿಡುತ್ತಿದ್ದರೋ ಏನೋ. ಹೇಳುವವರು ಇಲ್ಲ, ತೋರಿಸಲು ಕೆಂಪು ಗುರುತೂ ಈಗ ಉಳಿದಿಲ್ಲ. ತನಗೆ ಸರಿ ಕಂಡಲ್ಲಿ ನಿಲ್ಲಿಸಿದಳು.

ಎರಡೂ ಪೇಟಿಗಳು ಒಟ್ಟಿಗೆ ಎದ್ದಾಗ ಪಡಸಾಲೆ ತುಂಬಿತು. ವಿರೂಪಣ್ಣ ಕಣ್ಣು ಮುಚ್ಚಿ ಒಂದು ನುಡಿ ಪೂರ್ತಿ ನುಡಿಸಿದರು. ಆಮೇಲೆ ಸುತ್ತ ಕೂತವರ ಕಡೆ ತಿರುಗಿ, "ಶಾಮೀದಸಾಬನ ಕೈ ದೊಡ್ಡ ಮಗಳಿಗೆ ಬಂದದ ನೋಡ್ರಿ," ಅಂದರು. "ನಾ ಹಿಂದ ತಪ್ಪು ತಿಳಕೊಂಡಿದ್ದೆ."

ಎರಡು ವರ್ಷ ಕಾದ ಮಾತು. ಕುಲ್ಸುಮ್ ಆ ಮಾತು ಆಡಿದವರನ್ನು ನೋಡಲಿಲ್ಲ, ಕೇಳಿದವರನ್ನೂ ನೋಡಲಿಲ್ಲ. ಅವಳ ಕಣ್ಣು ನೇರ ತಂಗಿಯ ಮೇಲೆ ಹೋಯಿತು. ಗುಲ್ಫಶಾ ನಗುತ್ತಿದ್ದಳು. ಆದರೆ ನಗು ತುಟಿಯಲ್ಲಷ್ಟೇ ಇತ್ತು, ಕುತ್ತಿಗೆಯ ನರ ಬಿಗಿದಿತ್ತು, ಹಾರ್ಮೋನಿಯಂ ಮೇಲಿದ್ದ ಕೈ ಬಿಗಿಮುಷ್ಟಿಯಾಗಿತ್ತು. ಆ ಬಿಗಿತ ಏನೆಂದು ಕುಲ್ಸುಮ್‌ಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ಇವಳಿಗೂ ಇದೆ! ಅವಳಿಗೆ ಸಂತೋಷವಾಯಿತು, ಬರ್ಫಿಯಷ್ಟು ಸಿಹಿಯಾದ ಸಂತೋಷ. ತನಗೆ ಅಷ್ಟು ಸಂತೋಷವಾದದ್ದು ನೋಡಿ ತನಗೇ ಹೇಸಿಗೆಯೂ ಆಯಿತು.

ಭಜನೆಗೆ ನಿಲ್ಲಿರೆಂದು ವಿರೂಪಣ್ಣ ಹೇಳಿದರೂ ಬಸ್ಸು ತಪ್ಪುತ್ತದೆಂದು ಇಬ್ಬರೂ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸೂ ಮಾನ್ವಿಯ ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಗುಲ್ಫಶಾ ಹೆಂಗಸರ ಉಚಿತ ಟಿಕೆಟ್ಟಿಗೆ ತೋರಿಸಲು ಆಧಾರ್ ಕಾರ್ಡ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅದನ್ನೇ ನೋಡಿದಳು.

"ಅಬ್ಬಾ ನನ್ನನ್ನ ಯಾಕ ಕರಕೊಂಡು ಬರ್ತಿದ್ದಿಲ್ಲ ಆಪಾ?" ಅಂದಳು. "ಮಾನ್ವಿಗೆ ಹೋದ ಮ್ಯಾಲೂ ಇದ ಮಾತು ಕೊರೀತಿತ್ತು. ವಿರೂಪಣ್ಣ ಕಾಕಾ ಆವತ್ತ ನನ್ನನ್ನ ಹೊಗಳಿದ್ರು ಅಂತ ಕೇಳಿ ಎಷ್ಟು ಕುಣದಿದ್ದೆ ಗೊತ್ತೇನು? ಅದು ಅಬ್ಬಾನ ಕೆಲಸ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ." ಅಕ್ಕನ ಕಡೆ ತಿರುಗಿ ಕೇಳಿದಳು, "ಹೆಂಗ ಕೂಡಸ್ತಾರ ನನಗ ಕಲಸ್ತೀಯೇನು?"

"ಅದು ಕಲಸೂದಲ್ಲ. ಕೈಗೆ ತಾನ ಬರಬೇಕು," ಅಂದಳು ಕುಲ್ಸುಮ್.

ಸುಳ್ಳು. ಅರ್ಧ ದಿನ ಕೂಡಿಸಿ ತೋರಿಸಿದರೆ ಗುಲ್ಫಶಾ ಕಲಿಯುತ್ತಾಳೆಂದು ಅವಳಿಗೆ ಗೊತ್ತಿತ್ತು. ತಂಗಿ ತಲೆಯಾಡಿಸಿ, ಮಾನ್ವಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಕುಲ್ಸುಮ್ ಕೆಳಗೆ ನಿಂತೇ ಇದ್ದಳು. ಈಗ ಇದು ಇರುವುದು ತನ್ನೊಬ್ಬಳ ಹತ್ತಿರ. ಬೇರೆ ಯಾರ ಹತ್ತಿರವೂ ಇಲ್ಲ. ಆ ಮಾತು ಹೇಳಿಕೊಂಡಾಗ ಮೊದಲು ಹಿಗ್ಗಾಯಿತು, ಮರುಕ್ಷಣ ಹೆದರಿಕೆಯಾಯಿತು. ಸ್ಕ್ರೂ ಮೇಲಿದ್ದುದನ್ನು ಒರೆಸಿದ್ದಾಯಿತು. ಉಳಿದದ್ದು ತನ್ನ ತಲೆಯೊಳಗೆ ಅಷ್ಟೇ, ಅದನ್ನೂ ಕೊಡದೆ ಒಂದು ದಿನ ಹೋಗಿಬಿಟ್ಟರೆ? ಇನ್ನೊಂದು ಯೋಚನೆಯೂ ಅದರ ಬೆನ್ನಿಗೇ ಬಂತು, ಅದೂ ಅವಳದೇ ಜಾಯಮಾನದ್ದು: ಕಲಿಸಿದರೆ ಇವಳು ನನ್ನ ಶಾಗಿರ್ದ್ ಆಗುತ್ತಾಳೆ. ಎಲ್ಲರ ಮುಂದೆ ನನ್ನನ್ನು ಉಸ್ತಾದ್ ಅನ್ನಬೇಕಾಗುತ್ತದೆ.

ಎರಡರಲ್ಲಿ ಯಾವುದು ಅವಳನ್ನು ನೂಕಿತೋ, ಅವಳೂ ಕೇಳಿಕೊಳ್ಳಲಿಲ್ಲ. ಕಂಡಕ್ಟರ್ ಸೀಟಿ ಊದುವುದರೊಳಗೆ ಮಾನ್ವಿಯ ಬಸ್ಸು ಹತ್ತಿದಳು.

"ಆಪಾ, ಇದು ರಾಯಚೂರ ಬಸ್ಸಲ್ಲ."

"ಗೊತ್ತದ. ಸರಿ ಅತ್ತಾಗ." ಕುಲ್ಸುಮ್ ತಂಗಿಯ ಪಕ್ಕ ದಪ್ಪನೆ ಕೂತಳು. "ನಿನ್ನ ಮಂಚದ ಕೆಳಗ ಆ ಸತ್ತ ಪೇಟಿ ಅದ ಅಲ್ಲ, ಅದನ್ನ ಎಬ್ಬಸೂಣು. ಅದರ ಮ್ಯಾಲ ಕಲಸ್ತೀನಿ. ಆದ್ರ ಕಲಿಸಿದಾಕಿ ನಾ ಅಂತ ಎಲ್ಲಾರ ಮುಂದ ಹೇಳಬೇಕು."

"ಹೇಳ್ತೀನಿ."

"ವಿರೂಪಣ್ಣ ಕಾಕಾನ ಮುಂದೂ."

"ಅವರ ಮುಂದ ಮೊದಲು ಹೇಳ್ತೀನಿ."

ಬಸ್ಸು ಊರು ದಾಟಿತು. ಕುಲ್ಸುಮ್ ತಂಗಿಯನ್ನು ಮೊಣಕೈಯಿಂದ ತಿವಿದಳು.

"ಮೊದಲು ಗಾಳಿ ಹಾಕೂದು ಕಲಿ," ಅಂದಳು. "ಇವತ್ತ ಸಮ ಹಾಕಲಿಲ್ಲ ನೀ."